ಮೋಟಾರ್‌ಹೋಮಿನ ತೊಂದರೆಗಳು: ಸಾಮಾನು ಬದಲಿಸುವ ಮೊದಲು ಅಳೆದು ನೋಡಿ

ಮೂರು ರಾತ್ರಿ ಸತತವಾಗಿ, ಒಳಗೇ ಉಂಡು ಮಲಗಲು ಕಟ್ಟಿದ ಗಾಡಿಯಾದ ನಮ್ಮ ಮೋಟಾರ್‌ಹೋಮಿನ ಫ್ರಿಜ್ ನಿಂತುಹೋಯಿತು. ಒಳಗಿನ ದೀಪ ಉರಿಯುತ್ತಿತ್ತು. ಕಂಪ್ರೆಸರ್ ಗುಂಯ್ ಎಂದು ಎದ್ದು ಅರ್ಧ ನಿಮಿಷ ಓಡಿ ಸುಮ್ಮನಾಗುತ್ತಿತ್ತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಏಳುತ್ತಿತ್ತು. ಬ್ಯಾಟರಿ ಸತ್ತಿದೆ ಎಂದು ತೀರ್ಮಾನಿಸಿ ಹೊಸದನ್ನು ಕೊಳ್ಳಲು ಹೊರಟಿದ್ದವನು, ಅದಕ್ಕೆ ಮೊದಲು ಒಮ್ಮೆ ವೋಲ್ಟ್, ಓಮ್ ಅಳೆಯುವ ಮಲ್ಟಿಮೀಟರ್ ಹಿಡಿದು ಕುಳಿತೆ. ಕಂಪ್ರೆಸರ್ ಓಡುತ್ತಿರುವಾಗ ಬ್ಯಾಟರಿಯ ಮೇಲೆ 12.3 ವೋಲ್ಟ್ ಇತ್ತು. ಅದೇ ಹೊತ್ತಿನಲ್ಲಿ ಫ್ರಿಜ್‌ನ ಹಿಂಬದಿಯ ಟರ್ಮಿನಲ್‌ನಲ್ಲಿ ಇದ್ದದ್ದು 10.3. ಎರಡು ವೋಲ್ಟ್ ದಾರಿಯಲ್ಲಿ ಎಲ್ಲೋ ಕಳೆದುಹೋಗುತ್ತಿತ್ತು.

ಬ್ಯಾಟರಿಯಿಂದ ಹೊರಟ ವೈರನ್ನು ಬೆರಳಿನಿಂದ ಸವರುತ್ತಾ ಹೋದೆ. ಫ್ಯೂಸ್ ಹೋಲ್ಡರ್ ಕೈಗೆ ಬೆಚ್ಚಗೆ ತಾಗಿತು. ಬಿಚ್ಚಿ ನೋಡಿದರೆ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು, ಫ್ಯೂಸನ್ನು ಹಿಡಿಯುವ ತಗಡು ಸಡಿಲವಾಗಿ ಹಸಿರು ಕಿಲುಬು ಕಟ್ಟಿತ್ತು. ಲೆಕ್ಕ ಸರಳ: ಐದು ಆಂಪಿಯರ್ ಕರೆಂಟು ಎರಡು ವೋಲ್ಟ್ ಕಳೆದುಕೊಂಡರೆ ಹತ್ತು ವ್ಯಾಟ್ ಶಾಖ. ಅಷ್ಟು ಶಾಖ ಒಂದು ಹೆಬ್ಬೆರಳಿನ ಗಾತ್ರದ ಪ್ಲಾಸ್ಟಿಕ್ ತುಂಡಿನೊಳಗೆ, ಕಂಪ್ರೆಸರ್ ಎದ್ದಾಗಲೆಲ್ಲ, ರಾತ್ರಿಯಿಡೀ ಏಳುತ್ತಿತ್ತು. ಹೋಲ್ಡರ್ ಬದಲಿಸಿದ ಮೇಲೆ ಫ್ರಿಜ್ ನಿಂತಿಲ್ಲ. ಬ್ಯಾಟರಿ ಅದೇ ಹಳೆಯದು.

ಮೋಟಾರ್‌ಹೋಮಿನಲ್ಲಿ ಉಪಕರಣ ಕೆಟ್ಟಿದೆ ಎಂದು ನಮಗೆ ಅನ್ನಿಸುವ ಬಹಳಷ್ಟು ಸಲ ಕೆಟ್ಟಿರುವುದು ಉಪಕರಣವಲ್ಲ, ಅದಕ್ಕೆ ಕರೆಂಟು, ನೀರು ಅಥವಾ ಗ್ಯಾಸ್ ತಲುಪಿಸುವ ದಾರಿ. ಈ ಗಾಡಿ ಓಡುವಾಗ ಪ್ರತಿ ಸ್ಕ್ರೂ, ಪ್ರತಿ ಬೆಸುಗೆ, ಪ್ರತಿ ಕ್ಲಿಪ್ ಅಲುಗಾಡುತ್ತದೆ. ನೆಲಕ್ಕೆ ಕಟ್ಟಿದ ಮನೆಗೆ ಆ ಕಷ್ಟವಿಲ್ಲ. ಆದ್ದರಿಂದ ಮುಂದೆ ಬರೆದಿರುವ ಪ್ರತಿಯೊಂದು ಪರೀಕ್ಷೆಯೂ ದಾರಿಯಿಂದಲೇ ಶುರುವಾಗುತ್ತದೆ.

12 ವೋಲ್ಟ್‌ನ ತೊಂದರೆ ಹುಡುಕುವ ಕ್ರಮ

ಮನೆ ಭಾಗಕ್ಕೆ ಕರೆಂಟು ಕೊಡುವ ಬ್ಯಾಟರಿ ಎಂಜಿನ್ ಬ್ಯಾಟರಿಯಿಂದ ಬೇರೆ. ಮೊದಲು ಅದನ್ನೇ ಪರೀಕ್ಷಿಸಿ.

1. ಚಾರ್ಜರ್, ಸೋಲಾರ್, ದೀಪ ಎಲ್ಲವನ್ನೂ ಬೇರ್ಪಡಿಸಿ ಬ್ಯಾಟರಿಯನ್ನು ಕೆಲವು ಗಂಟೆ ಸುಮ್ಮನೆ ಬಿಡಿ. ಚಾರ್ಜ್ ತೆಗೆದ ಕೂಡಲೇ ಅಳೆದರೆ ಮೀಟರ್ ಹೆಚ್ಚು ತೋರಿಸುತ್ತದೆ, ಅದನ್ನು ನಂಬಬೇಡಿ.

2. ಈಗ ಅಳೆಯಿರಿ. ಸೀಸ-ಆಮ್ಲದ ಬ್ಯಾಟರಿಯಾದರೆ 12.7ರ ಆಸುಪಾಸು ಪೂರ್ತಿ ತುಂಬಿದೆ, 12.2ರ ಆಸುಪಾಸು ಅರ್ಧ, 12ಕ್ಕಿಂತ ಕೆಳಗಿದ್ದರೆ ಬಹುಪಾಲು ಖಾಲಿ. ಅರ್ಧಕ್ಕಿಂತ ಕೆಳಗೆ ಮತ್ತೆ ಮತ್ತೆ ಇಳಿಸಿದರೆ ಮತ್ತು ಖಾಲಿಯಾಗಿಯೇ ವಾರಗಟ್ಟಲೆ ಬಿಟ್ಟರೆ ಬ್ಯಾಟರಿಯೊಳಗಿನ ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆ ನಷ್ಟ ಪೂರ್ತಿಯಾಗಿ ಹಿಂದಿರುಗುವುದಿಲ್ಲ.

3. ವೋಲ್ಟೇಜ್ ಚೆನ್ನಾಗಿದ್ದ ಮಾತ್ರಕ್ಕೆ ಬ್ಯಾಟರಿ ಚೆನ್ನಾಗಿದೆ ಎಂದಲ್ಲ. ಸಾಮರ್ಥ್ಯ ತಿಳಿಯಬೇಕಾದರೆ ಪೂರ್ತಿ ಚಾರ್ಜ್ ಮಾಡಿ, ಗೊತ್ತಿರುವ ಹೊರೆ ಕೊಡಿ. 100 ಆಂಪಿಯರ್-ಗಂಟೆಯ ಬ್ಯಾಟರಿಗೆ ಐದು ಆಂಪಿಯರ್ ಹೊರೆ ಕೊಟ್ಟರೆ ಅರ್ಧಕ್ಕೆ ಇಳಿಯಲು ಹತ್ತು ಗಂಟೆಯ ಆಸುಪಾಸು ಬೇಕು. ನಾಲ್ಕೇ ಗಂಟೆಯಲ್ಲಿ ಇಳಿದುಬಿಟ್ಟರೆ ಅದರ ಆಯುಷ್ಯ ಮುಗಿಯುತ್ತಾ ಬಂದಿದೆ.

4. ಬ್ಯಾಟರಿ ಗಟ್ಟಿಯಾಗಿದ್ದೂ ಉಪಕರಣ ತಡವರಿಸಿದರೆ, ಉಪಕರಣ ಓಡುತ್ತಿರುವಾಗಲೇ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್‌ಗೂ ಇನ್ನೊಂದನ್ನು ಉಪಕರಣದ ಪ್ಲಸ್‌ಗೂ ಹಿಡಿಯಿರಿ. ಮೀಟರ್ ತೋರಿಸುವುದು ದಾರಿಯಲ್ಲಿ ಕಳೆದ ವೋಲ್ಟ್. ಅದೇ ರೀತಿ ಮೈನಸ್ ಬದಿಯನ್ನೂ ಅಳೆಯಿರಿ. ಬಹಳ ಜನ ಮೈನಸ್ ಬದಿಯನ್ನು ಮರೆಯುತ್ತಾರೆ. ಚಾಸಿಗೆ ಹಾಕಿದ ಅರ್ತಿಂಗ್ ಬೋಲ್ಟ್ ತುಕ್ಕು ಹಿಡಿದಿರುವುದು ತೀರ ಸಾಮಾನ್ಯ. ಎರಡೂ ಬದಿ ಸೇರಿ ಅರ್ಧ ವೋಲ್ಟ್‌ಗಿಂತ ಹೆಚ್ಚು ಕಳೆಯುತ್ತಿದ್ದರೆ ಒಂದೊಂದೇ ಸಂಧಿಯನ್ನು ದಾಟುತ್ತಾ ಅಳೆಯಿರಿ. ಎಲ್ಲಿ ಸಂಖ್ಯೆ ಜಿಗಿಯುತ್ತದೆಯೋ ತೊಂದರೆ ಅಲ್ಲೇ.

ಒಂದು ಸಂಧಿಯಲ್ಲಿ ಜಿಗಿಯದೆ ಉದ್ದಕ್ಕೂ ಸಮವಾಗಿ ಕಳೆಯುತ್ತಿದ್ದರೆ ವೈರ್ ತೆಳುವಾಗಿದೆ ಎಂದರ್ಥ. ಐದು ಮೀಟರ್ ದೂರದ ಉಪಕರಣಕ್ಕೆ ಹೋಗಿ ಬರುವ ದಾರಿ ಹತ್ತು ಮೀಟರ್. 1.5 ಚದರ ಮಿಲಿಮೀಟರಿನ ತಾಮ್ರದ ವೈರಿನಲ್ಲಿ ಎಂಟು ಆಂಪಿಯರ್ ಹರಿಸಿದರೆ ಸುಮಾರು 0.9 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. 6 ಚದರ ಮಿಲಿಮೀಟರಿನದಾದರೆ ಕಾಲು ವೋಲ್ಟ್‌ಗಿಂತ ಕಡಿಮೆ. ಹೊಸ ವೈರ್ ಎಳೆದಾಗ ಫ್ಯೂಸನ್ನು ಬ್ಯಾಟರಿಗೆ ಎಷ್ಟು ಹತ್ತಿರ ಸಾಧ್ಯವೋ ಅಷ್ಟು ಹತ್ತಿರ ಹಾಕಿ. ಫ್ಯೂಸ್ ಇರುವುದು ಮುಖ್ಯವಾಗಿ ವೈರನ್ನು ಕಾಯಲಿಕ್ಕೆ. ಹಾರುತ್ತಿದೆ ಎಂದು ದೊಡ್ಡ ಫ್ಯೂಸ್ ಹಾಕುವವರನ್ನು ಕಂಡರೆ ನನಗೆ ನಿಜಕ್ಕೂ ಭಯವಾಗುತ್ತದೆ. ಗೋಡೆಯ ಹಿಂದೆ ಪ್ಲೈವುಡ್ ಇದೆ, ಫೋಮ್ ಇದೆ, ಒಳಗೆ ಮಲಗಿರುವವರು ನಮ್ಮವರೇ.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ವಿಷಯ ಬೇರೆ. ಅದರ ವೋಲ್ಟೇಜ್ ಬಹುಕಾಲ 13ರ ಆಸುಪಾಸಿನಲ್ಲೇ ಇದ್ದು ಕೊನೆಗೆ ತಟ್ಟನೆ ಕುಸಿಯುತ್ತದೆ. ಹಾಗಾಗಿ ವೋಲ್ಟ್ ನೋಡಿ ಎಷ್ಟು ಉಳಿದಿದೆ ಎಂದು ಹೇಳಲಾಗದು, ಒಳಹರಿವು ಹೊರಹರಿವು ಎಣಿಸುವ ಬ್ಯಾಟರಿ ಮಾನಿಟರ್ ಬೇಕು. ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಅದನ್ನು ಚಾರ್ಜ್ ಮಾಡಬಾರದು. ರಾತ್ರಿ ಹಿಮ ಬಿದ್ದ ಮುಂಜಾವಿನಲ್ಲಿ ಚಾರ್ಜ್ ಆಗುತ್ತಿಲ್ಲ ಎಂದರೆ ಒಳಗಿನ ರಕ್ಷಣಾ ಸರ್ಕ್ಯೂಟ್ ತನ್ನ ಕೆಲಸ ಮಾಡುತ್ತಿದೆ ಎಂದೇ ತಿಳಿಯಿರಿ. ಹೊಸ ಗಾಡಿಗಳ ಆಲ್ಟರ್ನೇಟರ್ (ಎಂಜಿನ್ ತಿರುಗಿಸುವ ಕರೆಂಟು ಯಂತ್ರ) ಇಂಧನ ಉಳಿಸಲು ಆಗಾಗ ವೋಲ್ಟೇಜ್ ತಗ್ಗಿಸುತ್ತದೆ. ಅಂಥ ಗಾಡಿಯಲ್ಲಿ ದಿನವಿಡೀ ಓಡಿಸಿದರೂ ಮನೆ ಬ್ಯಾಟರಿ ತುಂಬದಿದ್ದರೆ ಎರಡು ಬ್ಯಾಟರಿಗಳ ನಡುವೆ ಡಿಸಿ-ಡಿಸಿ ಚಾರ್ಜರ್ (ವೋಲ್ಟೇಜನ್ನು ಬೇಕಾದಷ್ಟಕ್ಕೆ ಏರಿಸಿ ಕೊಡುವಂಥದ್ದು) ಬೇಕಾಗುತ್ತದೆ, ಎರಡನ್ನೂ ಬರೀ ಜೋಡಿಸುವ ಸ್ವಿಚ್ಚಾದ ರಿಲೇ ಸಾಲದು.

ಇನ್ವರ್ಟರ್ ಕೊಳ್ಳುವ ಮೊದಲು ಒಂದು ಲೆಕ್ಕ ಹಾಕಿ. 1000 ವ್ಯಾಟ್ ಹೊರೆಗೆ, ಇನ್ವರ್ಟರ್ ತಿನ್ನುವುದನ್ನೂ ಸೇರಿಸಿದರೆ, ಬ್ಯಾಟರಿಯಿಂದ 90 ಆಂಪಿಯರ್‌ಗೂ ಮೇಲ್ಪಟ್ಟು ಹೊರಡುತ್ತದೆ. ಕೂದಲು ಒಣಗಿಸುವ ಯಂತ್ರ, ನೀರು ಕಾಯಿಸುವ ಕೆಟಲ್ ಇವೆಲ್ಲ ಆ ಜಾತಿಯವು. ನೀರು ಕಾಯಿಸಲು ಗ್ಯಾಸ್ ಒಲೆಯೇ ಲೇಸು. ಸೋಲಾರ್ ಫಲಕಕ್ಕೂ ಬ್ಯಾಟರಿಗೂ ನಡುವಿನ ಕಂಟ್ರೋಲರ್ ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಫಲಕ. ಬಿಚ್ಚುವಾಗ ಮೊದಲು ಫಲಕ. ಫಲಕದ ಒಂದು ಮೂಲೆಯ ಮೇಲೆ ಆಂಟೆನಾದ ನೆರಳು ಬಿದ್ದರೂ ಕರೆಂಟು ಗಣನೀಯವಾಗಿ ಕುಸಿಯುತ್ತದೆ. ಹಾಗಾಗಿ ಸೋಲಾರ್ ಕೆಟ್ಟಿದೆ ಎನ್ನುವ ಮೊದಲು ಮಾಡು ಹತ್ತಿ ನೋಡಿ.

ಡೀಸೆಲ್ ಹೀಟರ್ ಚಳಿಯ ರಾತ್ರಿಯಲ್ಲೇ ಹೊತ್ತಿಕೊಳ್ಳಲು ನಿರಾಕರಿಸುವುದಕ್ಕೂ ದಾರಿಯಲ್ಲಿ ವೋಲ್ಟ್ ಕಳೆಯುವುದೇ ಕಾರಣವಿರಬಹುದು. ಇಂಧನ ಹೊತ್ತಿಸಲು ಕಾಯುವ ಅದರ ಗ್ಲೋ ಪ್ಲಗ್ ಶುರುವಿನ ಕೆಲವು ನಿಮಿಷ ಹತ್ತು ಆಂಪಿಯರ್ ಆಸುಪಾಸು ಎಳೆಯುತ್ತದೆ, ಆಗ ವೋಲ್ಟೇಜ್ ಬಿದ್ದರೆ ಹೀಟರ್ ಕೈಬಿಡುತ್ತದೆ. ಯಾವಾಗಲೂ ಸಣ್ಣ ಉರಿಯಲ್ಲೇ ಓಡಿಸಿದರೆ ಒಳಗೆ ಮಸಿ ಕಟ್ಟುತ್ತದೆ, ಆಗಾಗ ಪೂರ್ತಿ ಉರಿಯಲ್ಲಿ ಓಡಿಸಿ. ನಿಲ್ಲಿಸುವಾಗ ಅದರ ಸ್ವಿಚ್ಚಿನಿಂದಲೇ ನಿಲ್ಲಿಸಿ ತಣಿಯಲು ಬಿಡಿ, ಮುಖ್ಯ ಕರೆಂಟನ್ನು ಕಡಿಯಬೇಡಿ.

ಹೊರಗಿನ ಕರೆಂಟು (ಕೇಬಲ್ ಮೂಲಕ ಬರುವ 230 ವೋಲ್ಟ್) ಕೊಟ್ಟ ಕೂಡಲೇ ಸ್ವಿಚ್ ಬಿದ್ದುಹೋದರೆ

ಶಾಕ್ ತಡೆಯುವ ಆರ್‌ಸಿಡಿ ಸ್ವಿಚ್ ಬೀಳುತ್ತಿದ್ದರೆ ಒಳಗಿನ ಎಲ್ಲ ಪ್ಲಗ್ ಕಿತ್ತು, ಸ್ವಿಚ್ ಎತ್ತಿ, ಒಂದೊಂದನ್ನೇ ಹಾಕುತ್ತಾ ಹೋಗಿ. ಯಾವುದಕ್ಕೆ ಬೀಳುತ್ತದೆಯೋ ಅದೇ ಅಪರಾಧಿ. ನೀರಿನ ಬಾಯ್ಲರ್ ಮತ್ತು ಗ್ಯಾಸಿನಲ್ಲೂ ಓಡುವ ಫ್ರಿಜ್‌ನ ಬಿಸಿ ಕಡ್ಡಿಗಳ ಮೇಲೆ ಮೊದಲ ಅನುಮಾನವಿರಲಿ, ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಅವು ತೇವ ಹೀರಿರುತ್ತವೆ. ಎಲ್ಲವನ್ನೂ ಕಿತ್ತ ಮೇಲೂ ಬೀಳುತ್ತಿದ್ದರೆ ಹೊರಗಿನ ಕೇಬಲ್ ಮತ್ತು ಅದರ ಪ್ಲಗ್‌ನೊಳಗೆ ನೀರು ಹೊಕ್ಕಿದೆಯೇ ನೋಡಿ. ಒಳಗಿನ ವೈರಿಂಗ್‌ಗೆ ಕೈಹಾಕುವುದು ಎಲೆಕ್ಟ್ರೀಷಿಯನ್ ಕೆಲಸ. ಕೇಬಲ್ ಎಷ್ಟೇ ಉದ್ದವಿರಲಿ, ಸುರುಳಿಯಲ್ಲಿ ಸುತ್ತಿಟ್ಟೇ ಬಳಸಬೇಡಿ, ಪೂರ್ತಿ ಬಿಚ್ಚಿ ನೆಲದ ಮೇಲೆ ಹಾಸಿ. ಸುತ್ತಿದ ಕೇಬಲ್ಲಿನ ಶಾಖ ಹೊರಹೋಗಲಾರದೆ ಹೊದಿಕೆ ಕರಗುತ್ತದೆ.

ಗ್ಯಾಸಿನಲ್ಲೂ ಓಡುವ ಫ್ರಿಜ್

ಗ್ಯಾಸ್, ಹೊರಗಿನ ಕರೆಂಟು, 12 ವೋಲ್ಟ್ ಎಂಬ ಮೂರು ಬಗೆಯ ಶಕ್ತಿಯಲ್ಲಿ ಓಡುವ ಅಬ್ಸಾರ್ಪ್ಷನ್ ಫ್ರಿಜ್‌ಗೆ ಕಂಪ್ರೆಸರ್ ಇಲ್ಲ. ಅಮೋನಿಯಾ, ನೀರು, ಹೈಡ್ರೋಜನ್ ತುಂಬಿದ ಕೊಳವೆಗಳನ್ನು ಒಂದು ಕಡೆ ಕಾಯಿಸಿದರೆ ಇನ್ನೊಂದು ಕಡೆ ತಂಪಾಗುತ್ತದೆ, ದ್ರವ ಇಳಿಜಾರಿನ ಬಲದಿಂದಲೇ ಹರಿದು ಹಿಂದಿರುಗುತ್ತದೆ. ಇದರಿಂದಲೇ ಗಾಡಿ ವಾಲಿ ನಿಂತಿದ್ದರೆ ಅದು ತಣ್ಣಗಾಗುವುದಿಲ್ಲ. ನಿಲ್ಲಿಸಿದ ತಕ್ಷಣ ಫ್ರಿಜ್‌ನೊಳಗೆ ರಸಮಟ್ಟವಿಟ್ಟು ನೋಡಿ, ಬೇಕಾದ ಚಕ್ರದಡಿ ಹಲಗೆ ಕೊಡಿ.

ಮಟ್ಟವಾಗಿ ನಿಂತೂ ತಂಪಾಗದಿದ್ದರೆ ಗ್ಯಾಸಿನಲ್ಲೂ ಹೊರಗಿನ ಕರೆಂಟಿನಲ್ಲೂ ಬೇರೆ ಬೇರೆಯಾಗಿ ಆರೇಳು ಗಂಟೆ ಓಡಿಸಿ. ಕರೆಂಟಿನಲ್ಲಿ ತಂಪಾಗಿ ಗ್ಯಾಸಿನಲ್ಲಿ ಆಗದಿದ್ದರೆ ಬರ್ನರ್ ನೋಡಬೇಕು: ಉರಿ ನೀಲಿಯಾಗಿ ನಿಂತಿರಬೇಕು, ಹಳದಿಯಾಗಿ ಓಲಾಡುತ್ತಿದ್ದರೆ ಮಸಿ ಅಥವಾ ಜೇಡರ ಬಲೆ ಸಿಕ್ಕಿಕೊಂಡಿದೆ. ಗ್ಯಾಸಿನಲ್ಲಿ ತಂಪಾಗಿ ಕರೆಂಟಿನಲ್ಲಿ ಆಗದಿದ್ದರೆ ಬಿಸಿ ಕಡ್ಡಿ ಹೋಗಿರಬಹುದು. ಕರೆಂಟು ತೆಗೆದು, ಕಡ್ಡಿಯ ವೈರ್ ಬೇರ್ಪಡಿಸಿ ಓಮ್ ಅಳೆಯಿರಿ. ವೋಲ್ಟನ್ನು ಅದರಿಂದಲೇ ಗುಣಿಸಿ ವ್ಯಾಟ್‌ನಿಂದ ಭಾಗಿಸಿದರೆ ಬರಬೇಕಾದ ಓಮ್ ಸಿಗುತ್ತದೆ. 12 ವೋಲ್ಟ್, 120 ವ್ಯಾಟ್ ಕಡ್ಡಿಗೆ 1.2 ಓಮ್, 230 ವೋಲ್ಟ್‌ನ ಅಷ್ಟೇ ವ್ಯಾಟಿನದಕ್ಕೆ ಸುಮಾರು 440. ಮೀಟರ್ ಏನೂ ತೋರಿಸದಿದ್ದರೆ ಕಡ್ಡಿ ತುಂಡಾಗಿದೆ. ಯಾವುದರಲ್ಲೂ ತಂಪಾಗದೆ, ಹಿಂಬದಿಯಲ್ಲಿ ಹಳದಿ ಪುಡಿ ಅಥವಾ ಅಮೋನಿಯಾದ ಕಟುವಾಸನೆ ಇದ್ದರೆ ಕೊಳವೆ ಬಿರುಕು ಬಿಟ್ಟಿದೆ. ಫ್ರಿಜ್ ಆರಿಸಿ, ಕಿಟಕಿ ತೆರೆಯಿರಿ. ಅದು ಮನೆಯಲ್ಲಿ ರಿಪೇರಿಯಾಗುವಂಥದ್ದಲ್ಲ.

12 ವೋಲ್ಟ್‌ನಲ್ಲಿ ಈ ಫ್ರಿಜ್ ಎಡೆಬಿಡದೆ ಹತ್ತು ಆಂಪಿಯರ್ ಅಥವಾ ಇನ್ನೂ ಹೆಚ್ಚು ತಿನ್ನುತ್ತದೆ. ಹಾಗಾಗಿ ಆ ಆಯ್ಕೆ ಎಂಜಿನ್ ಓಡುವಾಗಷ್ಟೇ.

ಗ್ಯಾಸ್

ಒಂದೇ ಒಲೆಯ ಉರಿ ಸಣ್ಣದಾದರೆ ತೊಂದರೆ ಆ ಒಲೆಯಲ್ಲಿ. ಎಲ್ಲದರ ಉರಿಯೂ ಸಣ್ಣದಾದರೆ ಸಿಲಿಂಡರ್ ಅಥವಾ ರೆಗ್ಯುಲೇಟರ್‌ನಲ್ಲಿ. ಚಳಿಗಾಲದಲ್ಲಿ ಸಿಲಿಂಡರ್ ಭಾರವಾಗಿದ್ದೂ ಗ್ಯಾಸ್ ಬಾರದಿದ್ದರೆ ಒಳಗಿರುವುದು ಬ್ಯೂಟೇನ್ ಇರಬೇಕು. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನು ನಿಲ್ಲಿಸುತ್ತದೆ, ಪ್ರೋಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗಿನವರೆಗೂ ಆವಿಯಾಗುತ್ತದೆ. ಚಳಿ ಸೀಮೆಗೆ ಹೋಗುವವರು ಪ್ರೋಪೇನ್ ಒಯ್ಯಲಿ.

ಸಿಲಿಂಡರ್ ಬದಲಿಸಿದಾಗೆಲ್ಲ ಸಂಧಿಗೆ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುತ್ತದೆಯೇ ನೋಡಿ. ಬೆಂಕಿಕಡ್ಡಿ ಗೀರಿ ನೋಡುವುದು ಎಂದಿಗೂ ಬೇಡ. ರಬ್ಬರ್ ಪೈಪಿನ ಮೇಲೆ ಅಚ್ಚಾದ ವರ್ಷವನ್ನು ಓದಿ. ಬಗ್ಗಿಸಿದಾಗ ಮೇಲ್ಮೈಯಲ್ಲಿ ಸಣ್ಣ ಬಿರುಕು ಕಂಡರೆ ವರ್ಷ ಎಷ್ಟೇ ಇರಲಿ ಬದಲಿಸಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕೆ ಇಳಿಯುತ್ತದೆ. ಅದಕ್ಕೆಂದೇ ನೆಲದಲ್ಲಿ ಗಾಳಿಕಿಂಡಿ ಕೊಟ್ಟಿರುತ್ತಾರೆ. ತಣ್ಣನೆ ಗಾಳಿ ಬರುತ್ತದೆ ಎಂದು ಅದರ ಮೇಲೆ ಚಾಪೆ ಹಾಸಬೇಡಿ. ಗ್ಯಾಸ್ ಸೋರಿಕೆಯ ಅಲಾರಂ ನೆಲದ ಹತ್ತಿರ ಇರಬೇಕು. ಕಾರ್ಬನ್ ಮೊನಾಕ್ಸೈಡ್ ಅಲಾರಂ ಬೇರೆಯದು, ಅದೂ ಬೇಕೇ ಬೇಕು, ಮಲಗುವ ಜಾಗಕ್ಕೆ ಕೇಳುವಂತಿರಬೇಕು. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ ಒಂದೇ ಹೊತ್ತಿಗೆ ಎಲ್ಲರಿಗೂ ಶುರುವಾದರೆ ಕಾರಣ ಹುಡುಕುತ್ತಾ ಕೂರದೆ ಎಲ್ಲರೂ ಹೊರಗೆ ಬನ್ನಿ. ಮೋಟಾರ್‌ಹೋಮಿಗೆ ಇನ್ನೇನು ಕೊಳ್ಳದಿದ್ದರೂ ಸರಿ, ಇವೆರಡು ಅಲಾರಂ ಕೊಳ್ಳಿ.

ನಡುರಾತ್ರಿ ಗರ್ರ್ ಎನ್ನುವ ಪಂಪ್

ಯಾರೂ ನಲ್ಲಿ ತಿರುಗಿಸದಿದ್ದರೂ ಅರ್ಧ ಗಂಟೆಗೊಮ್ಮೆ ಪಂಪ್ ಒಂದು ಕ್ಷಣ ಗರ್ರ್ ಎಂದರೆ ಪೈಪಿನ ಒತ್ತಡ ಎಲ್ಲೋ ಇಳಿಯುತ್ತಿದೆ. ಮಲಗುವ ಮೊದಲು ಪ್ರತಿ ಸಂಧಿಯ ಕೆಳಗೆ ಒಂದೊಂದು ಟಿಶ್ಯೂ ಕಾಗದ ಇಡಿ: ಸಿಂಕಿನಡಿ, ಬಾಯ್ಲರ್ ಪಕ್ಕ, ಶೌಚಾಲಯದ ಹಿಂದೆ, ಪಂಪಿನ ಎರಡೂ ಬದಿ. ಬೆಳಿಗ್ಗೆ ಯಾವ ಕಾಗದದಲ್ಲಿ ಕಲೆ ಇದೆಯೋ ಅಲ್ಲಿ ಸೋರುತ್ತಿದೆ. ಕೈಗೆ ತಾಗದಷ್ಟು ಸಣ್ಣ ಹನಿಯೂ ಕಾಗದದ ಮೇಲೆ ಕಾಣುತ್ತದೆ. ಎಲ್ಲ ಕಾಗದವೂ ಒಣಗಿದ್ದರೆ ನೀರು ಪಂಪಿನ ಮೂಲಕವೇ ಟ್ಯಾಂಕಿಗೆ ಹಿಂದಿರುಗುತ್ತಿದೆ, ಪಂಪಿನ ಒಳಗಿನ ವಾಲ್ವ್‌ನಲ್ಲಿ ಮರಳಿನ ಕಣ ಕೂತಿರಬಹುದು. ಶೌಚಾಲಯದ ಬೇಸಿನ್‌ಗೆ ಸದ್ದಿಲ್ಲದೆ ನೀರು ಜಿನುಗುತ್ತಿದೆಯೇ ಎಂಬುದನ್ನೂ ನೋಡಿ.

ಪಂಪ್ ಓಡುತ್ತದೆ, ನೀರು ಬರುವುದಿಲ್ಲ ಎಂದರೆ ಟ್ಯಾಂಕಿನಿಂದ ಪಂಪಿನವರೆಗಿನ ಭಾಗದಲ್ಲಿ ಗಾಳಿ ಎಳೆಯುತ್ತಿದೆ ಅಥವಾ ಪಂಪಿನ ಮುಂದಿನ ಜಾಲರಿ ಕಟ್ಟಿಕೊಂಡಿದೆ. ಜಾಲರಿಯ ಮುಚ್ಚಳ ಕೈಯಲ್ಲೇ ತಿರುಗುತ್ತದೆ, ತೊಳೆದು ಹಾಕುವಾಗ ರಬ್ಬರ್ ಉಂಗುರ ಸರಿಯಾಗಿ ಕೂತಿದೆಯೇ ನೋಡಿ, ಅದು ಸರಿದರೆ ಹೊಸದಾಗಿ ಗಾಳಿ ಎಳೆಯಲು ಶುರುವಾಗುತ್ತದೆ.

ಟ್ಯಾಂಕಿನೊಳಗೆ ಮುಳುಗಿರುವ ಪಂಪ್ ಇರುವ ಗಾಡಿಗಳಲ್ಲಿ ಪ್ರತಿ ನಲ್ಲಿಯೊಳಗೂ ಪಂಪನ್ನು ಎಬ್ಬಿಸುವ ಒಂದು ಸಣ್ಣ ಸ್ವಿಚ್ ಇರುತ್ತದೆ. ಅಡುಗೆಮನೆಯ ನಲ್ಲಿಗೆ ಪಂಪ್ ಏಳುವುದಿಲ್ಲ, ಸ್ನಾನದ ನಲ್ಲಿಗೆ ಏಳುತ್ತದೆ ಎಂದಾದರೆ ಪಂಪ್ ಸರಿಯಿದೆ, ಅಡುಗೆಮನೆಯ ನಲ್ಲಿಯ ಸ್ವಿಚ್ ಹೋಗಿದೆ.

ವರ್ಷಕ್ಕೊಮ್ಮೆಯಾದರೂ ಟ್ಯಾಂಕನ್ನು ಶುದ್ಧ ಮಾಡಿ. ಸುವಾಸನೆ ಬೆರೆಸದ ಶೇಕಡ 5ರ ಬ್ಲೀಚ್ ದ್ರಾವಣವನ್ನು ಲೀಟರಿಗೆ ಒಂದು ಮಿಲಿಲೀಟರಿನಂತೆ ಬೆರೆಸಿ, ಎಲ್ಲ ನಲ್ಲಿಯಲ್ಲೂ ವಾಸನೆ ಬರುವವರೆಗೆ ಹರಿಸಿ, ನಾಲ್ಕು ಗಂಟೆ ಬಿಟ್ಟು, ವಾಸನೆ ಹೋಗುವಷ್ಟು ಸಲ ತೊಳೆಯಿರಿ. ಚಳಿಗಾಲಕ್ಕೆ ಗಾಡಿ ನಿಲ್ಲಿಸುವವರು ಬಾಯ್ಲರ್ ಸಹಿತ ಎಲ್ಲ ನೀರನ್ನೂ ಬಸಿಯಲೇಬೇಕು. ನೀರು ಹೆಪ್ಪುಗಟ್ಟುವಾಗ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ, ಅದರ ಮುಂದೆ ಬಹುತೇಕ ಪ್ಲಾಸ್ಟಿಕ್ ನಿಲ್ಲುವುದಿಲ್ಲ. ಒಂದೇ ಹಿಡಿಯ ನಲ್ಲಿಗಳನ್ನು ಬಿಸಿ-ತಣ್ಣೀರಿನ ನಡುವೆ ತೆರೆದಿಡಿ. ಒಂದು ಬದಿಗೆ ತಿರುಗಿಸಿಟ್ಟರೆ ಇನ್ನೊಂದು ಬದಿಯ ನೀರು ಒಳಗೇ ಉಳಿದು ನಲ್ಲಿಯನ್ನು ಸೀಳುತ್ತದೆ. ಷವರ್ ತಲೆಯನ್ನು ಕೊಕ್ಕೆಯಿಂದ ಇಳಿಸಿ ನೆಲದಲ್ಲಿಡಿ.

ತೇವ ಮತ್ತು ಟೈರ್

ಇವೆರಡೂ ಸದ್ದು ಮಾಡದೆ ಕೆಡುತ್ತವೆ. ಮಳೆಗಾಲದ ಮುಂಚೆ ಮತ್ತು ಆಮೇಲೆ ಕಿಟಕಿಯ ಮೂಲೆ, ಮಾಡಿನ ಕಿಂಡಿಯ ಸುತ್ತ, ಎತ್ತರದ ದೀಪಗಳ ಹಿಂದೆ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ನೋಡಿ. ಗೋಡೆ ಮೆತ್ತಗಾದರೆ ಒಳಗಿನ ಮರ ಕೊಳೆಯುತ್ತಿದೆ. ತೇವದ ಮೀಟರ್ ಶೇಕಡ 15ರವರೆಗೆ ತೋರಿಸಿದರೆ ಚಿಂತೆಯಿಲ್ಲ, 20 ದಾಟಿದರೆ ನೀರು ಬರುವ ದಾರಿಯನ್ನು ಹುಡುಕಲೇಬೇಕು. ನೀರು ಕಂಡ ಜಾಗವೇ ಒಳಹೊಕ್ಕ ಜಾಗವಲ್ಲ, ಅದು ಚೌಕಟ್ಟಿನ ಉದ್ದಕ್ಕೂ ಹರಿದು ಬೇರೆಲ್ಲೋ ಇಳಿದಿರುತ್ತದೆ. ಹಳೆಯ ಅಂಟಿನ ಮೇಲೆ ಸಿಲಿಕೋನ್ ಬಳಿಯುವುದು ಮುಚ್ಚುಮರೆಯಷ್ಟೇ. ಹಳೆಯದನ್ನು ಕೆರೆದು, ಸ್ವಚ್ಛಮಾಡಿ, ನೀರು ತಡೆಯುವ ಬ್ಯೂಟೈಲ್ ಅಂಟುಪಟ್ಟಿ ಹಾಕಿ ಮತ್ತೆ ಕೂರಿಸಬೇಕು.

ಮೋಟಾರ್‌ಹೋಮಿನ ಟೈರ್ ಸವೆಯುವ ಮೊದಲೇ ಮುದಿಯಾಗುತ್ತದೆ. ಪಕ್ಕದಲ್ಲಿರುವ ನಾಲ್ಕು ಅಂಕಿ ಓದಿ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗೆರೆ ಆಳವಾಗಿದ್ದರೂ ಪಕ್ಕದಲ್ಲಿ ಬಿರುಕು ಕಂಡರೆ ಬದಲಿಸಿ. ಗಾಳಿಯ ಒತ್ತಡ ನಿರ್ಧಾರವಾಗುವುದು ಪ್ರತಿ ಆಕ್ಸಲ್ ಮೇಲಿನ ಭಾರದಿಂದ. ನೀರು, ಡೀಸೆಲ್, ಸಾಮಾನು, ಜನ ಎಲ್ಲವನ್ನೂ ತುಂಬಿಕೊಂಡು ಒಮ್ಮೆ ಲಾರಿ ತೂಗುವ ವೇಬ್ರಿಡ್ಜ್‌ಗೆ ಹೋಗಿ, ಮುಂದಿನ ಆಕ್ಸಲ್ ಬೇರೆ, ಹಿಂದಿನದು ಬೇರೆ ತೂಗಿಸಿ. ಚಕ್ರ ಬಿಚ್ಚಿ ಹಾಕಿದ್ದರೆ ಮೊದಲ 50 ಕಿಲೋಮೀಟರಿನ ನಂತರ ನಿಂತು ನಟ್ಟುಗಳನ್ನು ಟಾರ್ಕ್ ಸ್ಪ್ಯಾನರ್‌ನಿಂದ ಮತ್ತೆ ಬಿಗಿ ನೋಡಿ.

ಚೀಲದಲ್ಲಿ ಏನಿರಬೇಕು

ಮಲ್ಟಿಮೀಟರ್, ಅದರ ಜೊತೆಗೆ ಡಿಸಿ ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರ್ ಇದ್ದರೆ ಬಹಳ ಅನುಕೂಲ. ಗಾಡಿಯಲ್ಲಿರುವ ಪ್ರತಿ ಅಳತೆಯ ಫ್ಯೂಸ್ ಐದೈದು, ಎರಡು ಫ್ಯೂಸ್ ಹೋಲ್ಡರ್. ವೈರಿನ ತುದಿಗೆ ಲಗ್ (ಜೋಡಣೆಯ ಲೋಹದ ತುಂಡು) ಒತ್ತುವ ಇಕ್ಕಳ, ಯಾಕೆಂದರೆ ಸಾಧಾರಣ ಇಕ್ಕಳದಿಂದ ಜಜ್ಜಿದ ಲಗ್‌ಗಳೇ ಮುಂದೆ ಬಿಸಿಯಾಗುವ ಸಂಧಿಗಳು. ಮರಳು ಕಾಗದ, ಟೆಫ್ಲಾನ್ ಟೇಪ್, ಪೈಪ್ ಕ್ಲಿಪ್, ಪಂಪಿನ ಜಾಲರಿಯ ಉಂಗುರ, ತಲೆಗೆ ಕಟ್ಟಿಕೊಳ್ಳುವ ದೀಪ. ಮಲ್ಟಿಮೀಟರಿನ ಕಡ್ಡಿಗೆ ಸಿಕ್ಕಿಸಲು ಮೂರು ಮೀಟರ್ ವೈರ್ ಒಂದನ್ನು ಎರಡೂ ತುದಿಗೆ ಕ್ಲಿಪ್ ಹಾಕಿ ಇಟ್ಟುಕೊಳ್ಳಿ. ಬ್ಯಾಟರಿಯಿಂದ ಫ್ರಿಜ್‌ವರೆಗೆ ಕೈ ಚಾಚಲಾಗದು, ಮೇಲೆ ಹೇಳಿದ ನಾಲ್ಕನೆಯ ಹಂತಕ್ಕೆ ಇದು ಬೇಕಾಗುತ್ತದೆ. ಇನ್ನು ನಿಮ್ಮದೇ ಕೈಯಿಂದ ಬರೆದ ಒಂದು ನಕ್ಷೆ: ಯಾವ ಫ್ಯೂಸ್ ಯಾವುದಕ್ಕೆ, ವೈರ್ ಯಾವ ಕಪಾಟಿನ ಹಿಂದಿನಿಂದ ಹೋಗುತ್ತದೆ, ನೀರು ಬಸಿಯುವ ವಾಲ್ವ್ ಎಲ್ಲಿದೆ. ಅದನ್ನು ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಅಂಟಿಸಿಡಿ.